ರಸಿಕರಿಗೆ ಕಿವಿಯುಂಟು, ವಾದಕನಿಗೆ ಬೆನ್ನಿಲ್ಲವೆ?

ಸಂಗೀತಗಾರರ ಸತ್ಕಾರ ಸಮಾರಂಭಗಳಲ್ಲಿ ತಪ್ಪದೆ ಕೇಳಿಬರುವ ಮಾತೊಂದುಂಟು. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿತ್ತ ಮೇಲೆ ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡು, “ಇವರು ದಿನಕ್ಕೆ ಹತ್ತು ತಾಸು ಕೂತಲ್ಲಿಂದ ಏಳದೆ ಸಾಧನೆ ಮಾಡಿದವರು, ಬೆರಳಿನಿಂದ ರಕ್ತ ಬಂದರೂ ವಾದ್ಯ ಕೆಳಗಿಡದವರು” ಎನ್ನುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಸತ್ಕಾರ ಮಾಡಿಸಿಕೊಳ್ಳುವವರು ತಲೆ ತಗ್ಗಿಸಿ ನಗುತ್ತಾರೆ. ಆಮೇಲೆ ಕುರ್ಚಿಯಿಂದ ಏಳುವಾಗ ಇಬ್ಬರು ಅವರ ರಟ್ಟೆ ಹಿಡಿದು ಎಬ್ಬಿಸಬೇಕಾಗುತ್ತದೆ. ಆ ಹೊತ್ತಿಗೆ ಸಭೆಯ ಲಕ್ಷ್ಯ ಉಪಾಹಾರದ ಕಡೆಗೆ ಹೋಗಿರುತ್ತದೆ.

ನನಗೆ ಈ ಮಾತು ಸೇರುವುದಿಲ್ಲ. ಸೇರುವುದಿಲ್ಲವೆಂದಷ್ಟೇ ಅಲ್ಲ, ನಮ್ಮ ಸಂಗೀತಕ್ಕೆ ಅಂಟಿಕೊಂಡಿರುವ ಕೆಟ್ಟ ಚಾಳಿಗಳಲ್ಲಿ ಇದೂ ಒಂದು ಎಂದೇ ನನ್ನ ವಾದ. ಎತ್ತಿನ ಹೆಗಲ ಮೇಲೆ ಹುಣ್ಣಾದರೆ ಒಕ್ಕಲಿಗನು ನೊಗ ಸರಿಮಾಡುತ್ತಾನೆ, ಅರಿಸಿನ ಎಣ್ಣೆ ಹಚ್ಚುತ್ತಾನೆ, ನಾಲ್ಕು ದಿನ ಕಟ್ಟಿಹಾಕಿ ಮೇವು ಹಾಕುತ್ತಾನೆ. ಆ ಹುಣ್ಣನ್ನು ಊರಿಗೆಲ್ಲ ತೋರಿಸಿ, ನನ್ನ ಎತ್ತು ಎಂಥ ಸಾಧಕ ನೋಡಿರಿ ಎಂದು ಹೇಳಿಕೊಂಡು ತಿರುಗುವುದಿಲ್ಲ. ವಾದಕನ ವಿಷಯದಲ್ಲಿ ಮಾತ್ರ ನಾವು ಹುಣ್ಣಿಗೇ ಹಾರ ಹಾಕುವ ಜನರಾಗಿದ್ದೇವೆ.

ನಾನು ಖಟಕ ಚಿಂಚೋಳಿಯವನು. ಚಿಂಚೋಳಿಯೆಂದ ಕೂಡಲೆ ಪಟ್ಟಣದ ವಾಚಕರಿಗೆ ಕಲಬುರ್ಗಿ ಜಿಲ್ಲೆಯ ತಾಲೂಕಿನ ಊರು ನೆನಪಾಗುತ್ತದೆ. ಅದಲ್ಲ, ನಮ್ಮದು ಬೀದರ ಜಿಲ್ಲೆಯ ಭಾಲ್ಕಿ ತಾಲೂಕಿನ ಊರು. 1948ರ ವರೆಗೆ ನಿಜಾಮನ ಆಳಿಕೆ, 1956ರ ವರೆಗೆ ಹೈದರಾಬಾದು ರಾಜ್ಯ, ಆಮೇಲೆ ಕನ್ನಡನಾಡು. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುವ ಸೀಮೆ. ಹೊಟ್ಟೆಗೆ ಮಾಸ್ತರಿಕೆ, ಮನಸ್ಸಿಗೆ ಪೇಟಿ. ಮೂವತ್ತು ವರ್ಷಗಳಿಂದ ಭಜನೆಗೆ ಪೇಟಿ ಹಿಡಿಯುತ್ತ ಬಂದಿದ್ದೇನೆ. ಪೇಟಿಯೆಂದರೆ ಹಾರ್ಮೋನಿಯಂ. ನನ್ನ ಹೊಟ್ಟೆ ಅದರ ಮೇಲೆ ನಿಂತಿಲ್ಲವಾದ್ದರಿಂದ ನನ್ನ ಬೆನ್ನಿನ ಕಥೆ ದೊಡ್ಡದಲ್ಲ. ಆದರೆ ಹೊಟ್ಟೆಯೇ ವಾದ್ಯದ ಮೇಲೆ ನಿಂತವರ ನಡುವೆ ಇಷ್ಟು ವರ್ಷ ಕೂತಿದ್ದೇನೆ. ಈ ಲೇಖನ ಅವರ ಪರವಾಗಿ.

‘ವೃತ್ತಿ ಸಂಗೀತಗಾರ’ ಎಂದರೆ ಪಟ್ಟಣದ ರಸಿಕರ ಕಣ್ಣ ಮುಂದೆ ಬರುವ ಚಿತ್ರ ಯಾವುದೆಂದು ನನಗೆ ಗೊತ್ತು. ಜರಿಯಂಚಿನ ಧೋತರ, ಮುಂದೆ ಮೈಕು, ಹಿಂದೆ ಎರಡು ತಂಬೂರಿ. ಇರಲಿ, ಅವರೂ ಬರುತ್ತಾರೆ. ಮೊದಲು ಹಲಗಿಯವನನ್ನು ನೋಡೋಣ. ಸಂಗೀತದಿಂದಲೇ ಕೂಲಿ ಗಳಿಸುವವನು ವೃತ್ತಿ ಸಂಗೀತಗಾರನೆಂದು ಒಪ್ಪುವುದಾದರೆ ನಮ್ಮ ಜಿಲ್ಲೆಯಲ್ಲಿ ಅವನಿಗಿಂತ ಹಳೆಯ ವೃತ್ತಿ ಸಂಗೀತಗಾರ ಇನ್ನಾರು? ಮದುವೆಯ ಮೆರವಣಿಗೆ ಅವನಿಲ್ಲದೆ ಹೊರಡುವುದಿಲ್ಲ, ಜಾತ್ರೆಯ ಪಲ್ಲಕ್ಕಿ ಏಳುವುದಿಲ್ಲ, ಹೆಣವೂ ಏಳುವುದಿಲ್ಲ. ಆದರೂ ಅವನನ್ನು ‘ಕಲಾವಿದ’ನೆಂದು ಕರೆಯಲು ನಮ್ಮ ನಾಲಗೆ ತಡವರಿಸುತ್ತದೆ. ಚರ್ಮ ಮುಟ್ಟುವ ಕೈಯನ್ನು ದೂರ ಇಟ್ಟು, ಅದರ ನಾದವನ್ನು ಮಾತ್ರ ಹತ್ತಿರ ಕರೆದ ಸಮಾಜ ನಮ್ಮದು. ಆ ಕೈಗೆ ನೋವಾಗುತ್ತದೆಯೆ ಎಂದು ಅದು ಕೇಳದೆ ಇದ್ದುದರಲ್ಲಿ ಆಶ್ಚರ್ಯವಿಲ್ಲ.

ಹಲಗಿ ಎಡಭುಜದಿಂದ ಜೋತುಬೀಳುತ್ತದೆ. ಅದರ ಪಟ್ಟಿ ಎಷ್ಟೋ ಸಲ ಬರೀ ಹಗ್ಗ. ಎಡಗೈ ಹಲಗಿಯ ಅಂಚನ್ನು ಹಿಡಿದೂ ಇರಬೇಕು, ಸಣ್ಣ ಕಡ್ಡಿಯಿಂದ ಬಾರಿಸುತ್ತಲೂ ಇರಬೇಕು. ಬಲಗೈಯಲ್ಲಿ ಗಿಡ್ಡ ಕೋಲು. ಎಂದರೆ ಎಡದ ಮಣಿಕಟ್ಟು ಯಾವ ಕ್ಷಣವೂ ಸಡಿಲವಾಗುವಂತಿಲ್ಲ. ಮೈ ಒಂದೇ ಮಗ್ಗುಲಿಗೆ ಭಾರ ಹೊರುತ್ತದೆ, ಕುತ್ತಿಗೆ ಅದರ ವಿರುದ್ಧ ದಿಕ್ಕಿಗೆ ವಾಲುತ್ತದೆ. ಇಷ್ಟೂ ಕೂತಲ್ಲಿ ಆಗುವುದಲ್ಲ. ನಡೆಯುತ್ತ, ಕುಣಿಯುತ್ತ, ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಬಿಸಿಲಲ್ಲಿ. ಮದುಮಗನ ಗೆಳೆಯರಿಗೆ ಉತ್ಸಾಹ ಬಂದರೆ ಅರ್ಧ ಮೈಲಿಯ ಹಾದಿಗೆ ಮೂರು ತಾಸು. ಅವರು ದಣಿದರೆ ಬದಿಗೆ ಸರಿದು ನೀರು ಕುಡಿಯುತ್ತಾರೆ, ಅವರ ಜಾಗಕ್ಕೆ ಬೇರೆ ನಾಲ್ವರು ಬರುತ್ತಾರೆ. ಹಲಗಿಯವನ ಜಾಗಕ್ಕೆ ಬರುವವರು ಯಾರೂ ಇಲ್ಲ.

ನಮ್ಮ ಕಡೆಯ ಹಿರಿಯ ಹಲಗಿಯವರೊಬ್ಬರು ಒಮ್ಮೆ ನನಗೆ ಹೇಳಿದರು: “ಹೊತ್ತು ಹೊತ್ತು ಈ ಭುಜ ಕೆಳಗ ಬಂದದ ನೋಡ್ರಿ ಮಾಸ್ತರ. ಅಂಗಿ ಹೊಲಿಯಾಂವಗ ಭಿ ಗುರ್ತು ಸಿಗತದ, ಒಂದು ತೋಳು ಗಿಡ್ಡ ಹೊಲಿತಾನ.” ಅವರು ನಗುತ್ತಲೇ ಹೇಳಿದರು. ದರ್ಜಿ ಕಂಡುಹಿಡಿದದ್ದನ್ನು ಇಷ್ಟು ವರ್ಷ ಅವರ ಹಲಗಿಗೆ ಕುಣಿದ ನಾವು ಕಂಡುಹಿಡಿಯಲಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು.

ಇನ್ನು ಸಪ್ತಾಹ. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿರುವ ಭಾಲ್ಕಿ, ಔರಾದ ಕಡೆಯ ಊರುಗಳಲ್ಲಿ ಅಖಂಡ ಹರಿನಾಮ ಸಪ್ತಾಹವೆಂಬುದು ವರ್ಷದ ದೊಡ್ಡ ಕಾರ್ಯ. ಏಳು ದಿನ ನಾಮಸ್ಮರಣೆ ಕಡಿಯುವಂತಿಲ್ಲ. ನಸುಕಿನ ಕಾಕಡಾರತಿಯಿಂದ ಹಿಡಿದು ಪಾರಾಯಣ, ಪ್ರವಚನ, ಸಂಜೆಯ ಹರಿಪಾಠ, ರಾತ್ರಿಯ ಕೀರ್ತನೆ, ಅದರ ಮೇಲೆ ಜಾಗರಣೆ. ವೀಣೆ ಹೆಗಲಿಗೆ ಹಾಕಿಕೊಂಡು ನಿಂತವರು ಪಾಳಿಯಂತೆ ಬದಲಾಗುತ್ತಾರೆ; ಇದು ನಮ್ಮ ಹಿರಿಯರು ಮಾಡಿಟ್ಟ ಜಾಣ ಏರ್ಪಾಡು. ವೀಣೆ ನೆಲಕ್ಕೆ ತಾಗಬಾರದು, ಆದರೆ ಹಿಡಿದ ಮನುಷ್ಯ ನೆಲಕ್ಕೆ ಬೀಳಬಾರದೆಂಬುದೂ ಅವರ ಲಕ್ಷ್ಯದಲ್ಲಿತ್ತು. ಈ ಜಾಣತನ ಪಖವಾಜಿನವನ ಹತ್ತಿರ ಬಂದಾಗ ಮಾಯವಾಗುತ್ತದೆ. ಪಾಳಿಗೆ ನಿಲ್ಲುವವರು ಊರಿನ ಭಕ್ತರು; ಪಖವಾಜಿನವನು ದುಡ್ಡು ಕೊಟ್ಟು ಕರೆಸಿದವನು. ಏಳು ದಿನಕ್ಕೆ ಇಷ್ಟು ಎಂದು ಗುತ್ತಿಗೆಯಾಗಿದೆ, ಬಾರಿಸಲಿ. ಕೀರ್ತನೆಯಲ್ಲಿ ಅವನು ನಿಂತೇ ಬಾರಿಸಬೇಕು. ಮರದ ಕೊಡದಂಥ ಪಖವಾಜು ಕುತ್ತಿಗೆಗೆ ಹಾಕಿದ ಪಟ್ಟಿಯಿಂದ ಸೊಂಟದ ಮುಂದೆ ನೇತಾಡುತ್ತಿರುತ್ತದೆ. ಮೈ ಮುಂದಕ್ಕೆ ಜಗ್ಗಿದಷ್ಟೂ ಸೊಂಟ ಹಿಂದಕ್ಕೆ ಬಾಗುತ್ತದೆ. ಐದನೆಯ ದಿನದ ರಾತ್ರಿ ಅವನು ಕಂಬಕ್ಕೆ ಬೆನ್ನು ಆನಿಸಿ ಬಾರಿಸುವುದನ್ನು ಕಂಡರೆ ಜನ, ತಲ್ಲೀನನಾಗಿದ್ದಾನೆ ಎನ್ನುತ್ತಾರೆ.

ಸಭೆಯ ಸಂಗೀತಗಾರರು ಇದಕ್ಕಿಂತ ಸುಖವಾಗಿದ್ದಾರೆಯೆ? ದಪ್ಪ ಜಮಖಾನೆಯಿದೆ, ಫ್ಯಾನು ಇದೆ, ಕುಡಿಯಲು ಬಿಸಿನೀರಿದೆ. ಆದರೆ ಅಲ್ಲಿಯೂ ಸುಖದ ಹಂಚಿಕೆ ಸಮನಾಗಿಲ್ಲ. ಗಾಯಕರು ಬೇಕಾದಾಗ ಕಾಲು ಬದಲಿಸುತ್ತಾರೆ, ಕೈ ಎತ್ತುತ್ತಾರೆ, ಒಂದು ಕಥೆ ಹೇಳುತ್ತಾರೆ. ತಬಲೆಯವನು ವಿಲಂಬಿತದ ಠೇಕಾ ಹಿಡಿದು ಕೂತವನು ಕೂತೇ ಇರಬೇಕು. ಡಗ್ಗಾದ ಗುಂಗು ಏರಿಳಿಯಬೇಕಾದರೆ ಎಡ ಅಂಗೈಯ ಬುಡವನ್ನು ಅದರ ಮೇಲೆ ಊರಿ ಜರುಗಿಸಬೇಕು. ಭುಜದ ಭಾರವೆಲ್ಲ ಬಗ್ಗಿದ ಮಣಿಕಟ್ಟಿನ ಮೇಲೆ ಬೀಳುತ್ತದೆ. ತಂಬೂರಿ ಹಿಡಿದು ಹಿಂದೆ ಕೂತ ಶಿಷ್ಯರ ಪಾಡಂತೂ ಕೇಳುವುದೇ ಬೇಡ. ಮೂರು ತಾಸು ಒಂದು ಕೈ ಮೇಲೆ, ಮುಖದ ಮೇಲೆ ಭಕ್ತಿ, ಜೋಮು ಹಿಡಿದ ಕಾಲನ್ನು ಚಾಚಿದರೆ ಗುರುಗಳಿಗೆ ಅಗೌರವ.

ನನ್ನ ಪೇಟಿಯ ವಿಷಯ ಹೇಳಿಬಿಡುತ್ತೇನೆ. ಎಡಗೈ ಗಾಳಿಯ ಹಲಗೆಯನ್ನು ತಳ್ಳುತ್ತದೆ, ಬಲಗೈ ಮನೆಗಳ ಮೇಲೆ ಆಡುತ್ತದೆ. ಎರಡಕ್ಕೂ ಎಟುಕಬೇಕಾದರೆ ಮೈ ತಿರುಚಿಯೇ ಕೂತಿರಬೇಕು. ಪೇಟಿ ನೆಲದ ಮೇಲೆ, ಕಣ್ಣು ಗಾಯಕನ ಮುಖದ ಮೇಲೆ, ಕುತ್ತಿಗೆ ಇವೆರಡರ ನಡುವೆ. ಯುರೋಪಿನಲ್ಲಿ ಹುಟ್ಟಿದಾಗ ಇದು ಕಾಲಿನಿಂದ ತುಳಿದು ಗಾಳಿ ತುಂಬುವ, ಕುರ್ಚಿಯ ಮೇಲೆ ಕೂತು ನುಡಿಸುವ ವಾದ್ಯ. ನಮ್ಮ ನಾಟಕ ಕಂಪನಿಗಳಲ್ಲಿಯೂ ಮೊದಲು ಕಾಲಪೇಟಿಯೇ ಇತ್ತು. ಬೈಠಕಿಗೆ ಹೊಂದಲೆಂದು ಅದರ ಕಾಲು ಕತ್ತರಿಸಿ ನೆಲಕ್ಕೆ ಇಳಿಸಿದೆವು. ನುಡಿಸುವವನ ಬೆನ್ನಿಗೆ ಏನಾಗುತ್ತದೆಂದು ಯೋಚಿಸಲಿಲ್ಲ. ಈ ದೇಶದಲ್ಲಿ ಹಾರ್ಮೋನಿಯಂ ಬಗೆಗೆ ನಡೆದಷ್ಟು ಜಗಳ ಬೇರೆ ವಾದ್ಯದ ಬಗೆಗೆ ನಡೆದಿರಲಾರದು. 1940ರಲ್ಲಿ ಆಕಾಶವಾಣಿ ಅದನ್ನು ಬಹಿಷ್ಕರಿಸಿತು. 1971ರ ವರೆಗೆ ಅದಕ್ಕೆ ಬಾಗಿಲು ತೆರೆಯಲಿಲ್ಲ. ಶ್ರುತಿ ಸರಿಯಿಲ್ಲ, ಮೀಂಡು ಬರುವುದಿಲ್ಲ, ಪರದೇಶದ್ದು ಎಂದು ವಿದ್ವಾಂಸರು ಪುಟಗಟ್ಟಲೆ ಬರೆದರು. ಅದನ್ನು ನುಡಿಸುವವನ ಸೊಂಟದ ಬಗೆಗೆ ಆ ಪುಟಗಳಲ್ಲಿ ಒಂದು ಸಾಲನ್ನೂ ನಾನು ಕಂಡಿಲ್ಲ.

ಈ ಮಾತುಗಳನ್ನು ನಾನು ಅಲ್ಲಲ್ಲಿ ಆಡಿದಾಗ ಬಂದ ಉತ್ತರಗಳಿವೆ. ಅವುಗಳನ್ನು ಒಂದೊಂದಾಗಿ ನೋಡುವುದು ನ್ಯಾಯ.

ಮೊದಲನೆಯದು ಭಕ್ತಿಯ ಉತ್ತರ. ನಮ್ಮ ಜಿಲ್ಲೆಯದೇ ಆದ ಬಸವಕಲ್ಯಾಣದ ಹೆಸರನ್ನು ಎಳೆದು ತರುತ್ತಾರೆ. ತನ್ನ ಮೈಯನ್ನೇ ವೀಣೆಯಾಗಿಸಿ ನುಡಿಸೆಂದು ಬಸವಣ್ಣನವರು ಕೂಡಲಸಂಗನನ್ನು ಬೇಡಿಕೊಂಡ ವಚನ ಎಲ್ಲರಿಗೂ ಗೊತ್ತು. ಅಣ್ಣನೇ ಮೈಯನ್ನು ಕೊಟ್ಟ ಮೇಲೆ ನಿಮ್ಮದೇನು ಬೆನ್ನುನೋವಿನ ರಗಳೆ ಎಂಬುದು ಇವರ ವಾದ. ಸ್ವಾಮಿ, ಬಸವಣ್ಣನವರು ಕೊಟ್ಟದ್ದು ತಮ್ಮ ಮೈಯನ್ನು. ನೀವು ಕೊಡುತ್ತಿರುವುದು ಪಖವಾಜಿನವನ ಮೈಯನ್ನು. ಎರಡಕ್ಕೂ ವ್ಯತ್ಯಾಸವಿದೆ. ಅಲ್ಲದೆ, ಮೈ ವೀಣೆಯೇ ಆಗಿದ್ದ ಪಕ್ಷದಲ್ಲಿ ಅದನ್ನು ಕಾಪಾಡುವ ಹೊಣೆ ಇನ್ನೂ ಹೆಚ್ಚಲ್ಲವೆ? ವೀಣೆಯ ಬುರುಡೆಯನ್ನು ಬಿಸಿಲಿಗೆ ಇಡುವುದಿಲ್ಲ, ತಂತಿಯನ್ನು ಮಿತಿಮೀರಿ ಬಿಗಿಯುವುದಿಲ್ಲ, ಕಚೇರಿ ಮುಗಿದ ಮೇಲೆ ಗವಸು ಹಾಕಿ ಮಲಗಿಸುತ್ತೀರಿ. ಇಷ್ಟೇ ಉಪಚಾರ ನುಡಿಸುವ ಕೈಗೆ ಮಾಡಿದರೆ ವಚನಕ್ಕೆ ಅಪಚಾರವಾದೀತೆ?

ಎರಡನೆಯದು ಹಳಬರ ಉತ್ತರ: ದೊಡ್ಡವರೆಲ್ಲ ಹೀಗೆಯೇ ಸಾಧನೆ ಮಾಡಲಿಲ್ಲವೆ, ಅವರಿಗೇನಾಯಿತು? ಮಲ್ಲಿಕಾರ್ಜುನ ಮನ್ಸೂರರು 1910ರಲ್ಲಿ ಹುಟ್ಟಿ 1992ರಲ್ಲಿ ತೀರಿಕೊಂಡರು. ಎಂಬತ್ತರ ಹೊಸ್ತಿಲಲ್ಲಿಯೂ ಹಾಡುತ್ತಿದ್ದರು. ಗದುಗಿನ ಪುಟ್ಟರಾಜ ಗವಾಯಿಗಳು 1914ರಿಂದ 2010ರ ವರೆಗೆ ಬಾಳಿದರು. ಎಷ್ಟೋ ವಾದ್ಯಗಳು ಅವರ ಕೈಯಲ್ಲಿ ಪಳಗಿದ್ದವು. ನಿಜ, ನಿಜ. ಆ ಮಹನೀಯರ ಪಾದಕ್ಕೆ ನನ್ನ ನಮಸ್ಕಾರ. ಆದರೆ ಈ ಲೆಕ್ಕದಲ್ಲಿ ಒಂದು ಮೋಸವಿದೆ. ಉಳಿದು ಬಂದವರನ್ನು ಮಾತ್ರ ನಾವು ಎಣಿಸುತ್ತೇವೆ. ಇಪ್ಪತ್ತೈದನೆಯ ವಯಸ್ಸಿಗೆ ಕೈ ಮರಗಟ್ಟಿ ತಬಲೆ ಮಾರಿ ಕಿರಾಣಿ ಅಂಗಡಿ ಹಾಕಿದವನ ಹೆಸರು ಯಾವ ಸಂಗೀತದ ಚರಿತ್ರೆಯಲ್ಲಿ ಬರುತ್ತದೆ? ಅವನಿಗೆ ‘ಸಾಧನೆ ಸಾಲಲಿಲ್ಲ’ವೆಂದು ನಾವೇ ಷರಾ ಬರೆದು ಕಡತ ಮುಚ್ಚಿದ್ದೇವೆ. ಬಾವಿ ದಾಟಿ ಬಂದವರನ್ನು ಕೇಳಿ ಬಾವಿಯ ಆಳವನ್ನು ನಿರ್ಣಯಿಸಬಾರದು. ಅಲ್ಲದೆ ದೊಡ್ಡವರೂ ಮೈಯ ಮಾತು ಕೇಳಿಯೇ ದೊಡ್ಡವರಾದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರಿಗೆ ಕ್ಷಯ ತಗಲಿ ಒಂದು ಶ್ವಾಸಕೋಶ ನಿಷ್ಕ್ರಿಯವಾಯಿತು. ದೇವಾಸದಲ್ಲಿ ವರ್ಷಗಟ್ಟಲೆ ಬಾಯಿ ಮುಚ್ಚಿ ಮಲಗಿದರು. ಎದ್ದ ಮೇಲೆ, ಇದ್ದ ಉಸಿರಿಗೆ ಒಪ್ಪುವ ಹೊಸ ಗಾಯನವನ್ನೇ ಕಟ್ಟಿದರು. ಮೈಯ ಮಿತಿಯನ್ನು ಒಪ್ಪಿಕೊಂಡದ್ದರಿಂದ ಅವರ ಸಂಗೀತ ಸಣ್ಣದಾಯಿತೆಂದು ಯಾರಾದರೂ ಹೇಳಬಲ್ಲರೆ?

ಮೂರನೆಯದು ಪರಂಪರೆಯ ಉತ್ತರ. ಕೂರುವ ಭಂಗಿ ಗುರುಗಳಿಂದ ಬಂದದ್ದು, ಅದನ್ನು ಬದಲಿಸಬಾರದು. ಇದನ್ನು ಹೇಳುವವರಿಗೆ ಪರಂಪರೆಯ ಪರಿಚಯ ಕಡಿಮೆಯೆಂದೇ ಹೇಳಬೇಕಾಗಿದೆ. ಪಿಟೀಲು ಪಶ್ಚಿಮದಿಂದ ಬಂದಾಗ ಬಾಲುಸ್ವಾಮಿ ದೀಕ್ಷಿತರ ಕಾಲದವರು ಅದನ್ನು ಬಂದ ಹಾಗೆಯೇ ಇಟ್ಟುಕೊಂಡಿದ್ದರೆ ಇಂದು ನಮ್ಮ ವಿದ್ವಾಂಸರೂ ಗದ್ದದ ಕೆಳಗೆ ಸಿಕ್ಕಿಸಿಕೊಂಡು ನಿಂತೇ ನುಡಿಸಬೇಕಾಗಿತ್ತು. ನಮ್ಮವರು ಅದರ ತಲೆಯನ್ನು ಕಾಲಿನ ಮೇಲೆ ಊರಿ, ಬುಡವನ್ನು ಎದೆಗಾನಿಸಿ, ಕುತ್ತಿಗೆಗೆ ಬಿಡುಗಡೆ ಕೊಟ್ಟರು. ಎಡಗೈ ಗಮಕಕ್ಕೆ ಸ್ವತಂತ್ರವಾಯಿತು. ಅತ್ತ ಜರ್ಮನಿಯಲ್ಲಿ ಲೂಯಿ ಸ್ಪೋರ್ ಎಂಬ ವಾದಕ 1820ರ ಸುಮಾರಿಗೆ ಪಿಟೀಲಿಗೆ ಗದ್ದದ ಆಸರೆಯ ತುಂಡನ್ನು ಜೋಡಿಸಿದ. ಈಗ ಅದಿಲ್ಲದ ಪಿಟೀಲನ್ನು ಅಲ್ಲಿ ಹುಡುಕಬೇಕು. ಕಾರೈಕುಡಿ ಸೋದರರಲ್ಲಿ ಹಿರಿಯರಾದ ಸುಬ್ಬರಾಮ ಅಯ್ಯರ್ ವೀಣೆಯನ್ನು ನೆಟ್ಟಗೆ ನಿಲ್ಲಿಸಿ ನುಡಿಸಿದರು, ಕಿರಿಯರಾದ ಸಾಂಬಶಿವ ಅಯ್ಯರ್ ಅಡ್ಡ ಮಲಗಿಸಿ. ರುದ್ರವೀಣೆಯನ್ನು ಹೆಗಲ ಮೇಲೇರಿಸಿ ನುಡಿಸುವುದು ವಾಡಿಕೆ. ಜಿಯಾ ಮೊಹಿಯುದ್ದೀನ್ ಡಾಗರ್ ತಮ್ಮ ವೀಣೆ ಭಾರವಾದಾಗ ಅದನ್ನು ಹೆಗಲಿಂದ ಇಳಿಸಿದರು. ಸಂತೂರನ್ನು ಮಣೆಯಿಂದ ಎತ್ತಿ ಮಡಿಲಿಗೆ ತಂದವರು ಶಿವಕುಮಾರ ಶರ್ಮಾ. ಇವರಲ್ಲಿ ಪರಂಪರೆಯನ್ನು ಕೆಡಿಸಿದವರು ಯಾರು? ಇವರೆಲ್ಲ ಮೈಗೆ ವಾದ್ಯವನ್ನು ಹೊಂದಿಸಿದರು. ವಾದ್ಯಕ್ಕೆ ಮೈಯನ್ನು ಮುರಿದು ಹೊಂದಿಸುವುದೇ ಪರಂಪರೆಯೆಂದು ಕಲಿಸಿದವರು ಯಾರೋ ನಡುವೆ ಬಂದವರಿರಬೇಕು.

ನಾಲ್ಕನೆಯ ಉತ್ತರ ಈಚಿನದು, ಪಟ್ಟಣದ್ದು, ಆದ್ದರಿಂದ ಹೆಚ್ಚು ಅಪಾಯದ್ದು. ಬೆನ್ನು ನೆಟ್ಟಗೆ ಇಟ್ಟು ಪದ್ಮಾಸನದಲ್ಲಿ ಕೂತರೆ ಯಾವ ನೋವೂ ಬರುವುದಿಲ್ಲ, ನೋವು ಬಂದರೆ ಕೂರುವುದು ತಪ್ಪಿದೆ ಎಂದರ್ಥ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಇದರಿಂದ ತಪ್ಪೆಲ್ಲ ನೋಯುವವನ ತಲೆಯ ಮೇಲೆ ಬೀಳುತ್ತದೆ. ಐದು ತಾಸು ಕೂರಿಸಿದವರು ಕೈ ತೊಳೆದುಕೊಳ್ಳಬಹುದು. ಆದರೆ ಎಲ್ಲ ಮೈಗೂ ಒಪ್ಪುವ ಒಂದೇ ಒಂದು ಸರಿಯಾದ ಭಂಗಿಯೆಂಬುದು ಇಲ್ಲವೆಂದು ಈಗ ಬಲ್ಲವರು ಹೇಳುತ್ತಿದ್ದಾರೆ. ಎಷ್ಟು ಚೆನ್ನಾದ ಭಂಗಿಯಾದರೂ ಅಲುಗಾಡದೆ ಹಿಡಿದಿಟ್ಟರೆ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಮೊದಲು ದಣಿವು, ಆಮೇಲೆ ಬಿಗಿತ, ಆಮೇಲೆ ನೋವು. ಒಂದೇ ಚಲನೆಯನ್ನು ಬಿಡುವಿಲ್ಲದೆ ಮಾಡಿದರೆ ಸ್ನಾಯುರಜ್ಜು ಕೆರಳುತ್ತದೆ. ಪರೀಕ್ಷೆ ಬಂತೆಂದೋ ಕಚೇರಿ ಬಂತೆಂದೋ ಎರಡು ತಾಸಿನ ರಿಯಾಜನ್ನು ಒಂದೇ ವಾರದಲ್ಲಿ ಆರು ತಾಸಿಗೆ ಏರಿಸಿದವರಲ್ಲಿ ಕೈ ಕೆಡುವುದು ಹೆಚ್ಚು. ಭಂಗಿ ಮುಖ್ಯವಲ್ಲವೆಂದು ನಾನು ಹೇಳುತ್ತಿಲ್ಲ. ಹೊತ್ತು, ಭಾರ, ಬಿಡುವು ಇವು ಮೂರನ್ನು ಬಿಟ್ಟು ಭಂಗಿಯೊಂದನ್ನೇ ಜಪಿಸುವುದು ಕೂಲಿಕಾರನಿಗೆ ಎರಡು ಚೀಲ ಹೊರಿಸಿ ‘ನೆಟ್ಟಗೆ ನಡೆ’ ಎಂದಂತೆ.

ಬೇರೆ ದೇಶದವರು ಈ ವಿಷಯದಲ್ಲಿ ನಮಗಿಂತ ಪುಣ್ಯವಂತರೆಂದೇನೂ ಅಲ್ಲ. ಆದರೆ ಅವರು ಬಾಯಿಬಿಟ್ಟು ಹೇಳಿಕೊಂಡರು. ಇಟಲಿಯ ವೈದ್ಯ ರಾಮತ್ಸೀನಿ 1700ರಷ್ಟು ಹಿಂದೆಯೇ ಕಸುಬುದಾರರ ರೋಗಗಳ ಬಗೆಗೆ ಗ್ರಂಥ ಬರೆದು, ಗಣಿಯವರು, ಕುಂಬಾರರು ಇವರ ಜೊತೆಯಲ್ಲಿ ಗಾಯಕರನ್ನೂ ಕೂಡಿಸಿದ. ಸಂಗೀತವೂ ಒಂದು ಕಸುಬು, ಅದಕ್ಕೂ ಅದರದೇ ಆದ ರೋಗಗಳುಂಟು ಎಂದು ಅವನಿಗೆ ಮೂರು ಶತಮಾನಗಳ ಹಿಂದೆ ತೋರಿತು. ರಾಬರ್ಟ್ ಶೂಮನ್ ಪಿಯಾನೋ ವಾದಕನಾಗಬೇಕೆಂದಿದ್ದವನು; 1832ರ ಹೊತ್ತಿಗೆ ಬಲಗೈಯ ಬೆರಳು ಮಾತು ಕೇಳದಾಗಿ ಆ ಆಸೆ ಬಿಟ್ಟು ರಚನೆಗೆ ತಿರುಗಿದ. ಅಮೆರಿಕದ ಲಿಯಾನ್ ಫ್ಲೈಶರ್ ಕೀರ್ತಿಯ ಶಿಖರದಲ್ಲಿದ್ದಾಗ, 1960ರ ದಶಕದ ನಡುವೆ, ಬಲಗೈಯ ಕೊನೆಯ ಎರಡು ಬೆರಳುಗಳು ತಾವಾಗಿಯೇ ಒಳಕ್ಕೆ ಮಡಚಿಕೊಳ್ಳತೊಡಗಿದವು. ಮೂರು ದಶಕ ಅವರು ಎಡಗೈಯ ಕೃತಿಗಳನ್ನೇ ನುಡಿಸಿದರು, ಮೇಳ ನಡೆಸಿದರು, ಪಾಠ ಹೇಳಿದರು. ಅದು ಬೆರಳಿನ ರೋಗವಲ್ಲ, ಬೆರಳನ್ನು ಆಳುವ ಮಿದುಳಿನ ಭಾಗದ ಗೊಂದಲ ಎಂದು ತಿಳಿದದ್ದು ಬಹಳ ತಡವಾಗಿ. ಚಿಕಿತ್ಸೆ ದೊರೆತ ಮೇಲೆ 1990ರ ದಶಕದಲ್ಲಿ ಎರಡು ಕೈಗೂ ಮರಳಿದರು. 1988ರಲ್ಲಿ ಪ್ರಕಟವಾದ ಸಮೀಕ್ಷೆಯೊಂದಕ್ಕಾಗಿ ಅಮೆರಿಕದ ವಾದ್ಯಮೇಳಗಳ ಎರಡು ಸಾವಿರಕ್ಕೂ ಮಿಕ್ಕಿದ ಕಲಾವಿದರನ್ನು ಕೇಳಿದಾಗ ಶೇಕಡಾ 76 ಜನ, ತಮ್ಮ ವಾದನಕ್ಕೆ ಅಡ್ಡಿಯಾಗುವಂಥ ಒಂದಾದರೂ ಗಂಭೀರ ತೊಂದರೆಯಿದೆಯೆಂದು ಒಪ್ಪಿಕೊಂಡರು. ಒಳ್ಳೆಯ ಸಂಬಳ, ಕುರ್ಚಿ, ರಜೆ, ಸಂಘ ಎಲ್ಲ ಇದ್ದವರ ಪಾಡು ಇದು. ನಮ್ಮ ಹಲಗಿಯವರನ್ನೂ ಪಖವಾಜಿನವರನ್ನೂ ಹಾಗೆ ಊರೂರಿಗೆ ಹೋಗಿ ಕೇಳಿದವರನ್ನು ನಾನು ನೋಡಿಲ್ಲ.

ತಂತಿ ಕಚೇರಿಯ ಗುಮಾಸ್ತನ ಉದಾಹರಣೆ ಇನ್ನೂ ಮಾರ್ಮಿಕವಾಗಿದೆ. ಕಟ್ ಕಟ್ ಎಂದು ದಿನವೆಲ್ಲ ಒಂದೇ ಗುಂಡಿ ಒತ್ತಿ ಅವರ ಕೈ ಸೆಟೆದುಕೊಳ್ಳುತ್ತಿತ್ತು. ಬ್ರಿಟನ್ನಿನ ಸರಕಾರ 1908ರಲ್ಲಿಯೇ ಅದನ್ನು ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗಗಳ ಪಟ್ಟಿಗೆ ಸೇರಿಸಿತು. ತಂತಿ ಹೋಯಿತು, ಗುಮಾಸ್ತನೂ ಹೋದ. ಸಿತಾರಿನ ತಂತಿ ಎಳೆಯುವವನು ಇನ್ನೂ ಇದ್ದಾನೆ. ಅವನ ಕೈ ಸೆಟೆದರೆ ಅದು ಔದ್ಯೋಗಿಕ ರೋಗವಲ್ಲ, ‘ದೃಷ್ಟಿ ತಾಗಿದ್ದು’.

ವೈದ್ಯರ ವಿಷಯಕ್ಕೂ ಒಂದು ಮಾತು. ನಮ್ಮ ಕಡೆಯ ಪಖವಾಜಿನ ಹುಡುಗನೊಬ್ಬನನ್ನು ನಾನೇ ಪಟ್ಟಣದ ದವಾಖಾನೆಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯ ವೈದ್ಯರು ಅವನ ಕೈಯನ್ನು ಎರಡು ಸಲ ಬಗ್ಗಿಸಿ ನೋಡಿ, “ಬಾರಿಸೋದು ಬಿಟ್ಟುಬಿಡು, ಕಡಿಮೆಯಾಗುತ್ತೆ” ಎಂದರು. ಅವನು, “ಬಿಟ್ರ ಮನ್ಯಾಗ ಏನ್ ತಿನ್ಲಿ ಸಾಹೇಬ್ರ?” ಎಂದ. ಅದಕ್ಕೆ ಅವರ ಹತ್ತಿರ ಗುಳಿಗೆ ಇರಲಿಲ್ಲ. ಕ್ರಿಕೆಟ್ ಆಡುವವನ ಭುಜ ನೊಂದರೆ ಎಷ್ಟು ದಿನ ಬಿಡಬೇಕು, ಯಾವ ವ್ಯಾಯಾಮ, ಮತ್ತೆ ಎಷ್ಟೆಷ್ಟಾಗಿ ಶುರುಮಾಡಬೇಕು ಎಂದು ಬರೆದುಕೊಡುತ್ತಾರೆ. ವಾದಕನಿಗೂ ಅದೇ ಬೇಕಾಗಿರುವುದು. ಪೂರ್ತಿ ಬಿಡುವುದೂ ಅಲ್ಲ, ಹಲ್ಲು ಕಚ್ಚಿ ಮುಂದುವರಿಸುವುದೂ ಅಲ್ಲ. ಕಡಿಮೆ ಮಾಡಿ, ಕೈಗೆ ಬಲ ಬರಿಸಿ, ಮೆಲ್ಲಗೆ ಏರಿಸುವುದು. ಇದಕ್ಕಾಗಿ ವಾದಕನು ಬೇಗ ಬರಬೇಕು. ನೋವು ಹೇಳಿಕೊಂಡರೆ ಮುಂದಿನ ಕರೆ ಬೇರೆಯವನಿಗೆ ಹೋಗುತ್ತದೆಂಬ ಭಯವಿರುವ ತನಕ ಅವನು ಬರುವುದಿಲ್ಲ.

ಕಿವಿಯದೂ ಇದೇ ಪಾಡು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ಇರಬಾರದು, ಸದ್ದು ಮೂರು ಡೆಸಿಬೆಲ್ ಏರಿದಂತೆಲ್ಲ ಆ ಹೊತ್ತು ಅರ್ಧಕ್ಕಿಳಿಯಬೇಕು ಎಂಬುದು ತಜ್ಞರ ಲೆಕ್ಕ. 100ಕ್ಕೆ ಮುಟ್ಟಿದರೆ ಕಾಲು ತಾಸು ಮಾತ್ರ. ಈಗಿನ ಮೆರವಣಿಗೆಗಳಲ್ಲಿ ಹಲಗಿಯ ಹಿಂದೆ ಬ್ಯಾಂಡು, ಬ್ಯಾಂಡಿನ ಹಿಂದೆ ಡೀಜೆಯ ಲಾರಿ. ಕಾಲು ತಾಸಿನ ಮಾತು ಅಲ್ಲಿ ಯಾರಿಗೆ ಹೇಳುತ್ತೀರಿ? ಹೇಳಿದರೂ ಕೇಳಿಸುವುದಿಲ್ಲ.

ನಾನು ಸರಕಾರವನ್ನು ಬಯ್ಯುವುದಕ್ಕೆ ಹೊರಟವನಲ್ಲ. ಅದಕ್ಕೆ ಬೇರೆ ಜನ ಬೇಕಾದಷ್ಟಿದ್ದಾರೆ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನವಿದೆ, ಒಳ್ಳೆಯದು. ಆದರೆ ಅದು ಮೈ ಮುರಿದ ಮೇಲೆ ಬರುವ ಹಣ. ಅದಕ್ಕೆ ವಯಸ್ಸಾಗಬೇಕು, ನಲವತ್ತಕ್ಕೇ ಭುಜ ಹೋದವನು ಉಳಿದ ವರ್ಷಗಳನ್ನು ಹೇಗೆ ಕಳೆಯಬೇಕು? ಅಕಾಡೆಮಿಗಳು ನಡೆಸುವ ಶಿಬಿರಗಳಲ್ಲಿ ರಾಗದ ಮೇಲೆ, ತಾಳದ ಮೇಲೆ, ಸೌಂದರ್ಯಮೀಮಾಂಸೆಯ ಮೇಲೆ ಉಪನ್ಯಾಸಗಳಿರುತ್ತವೆ. ಮಣಿಕಟ್ಟಿನ ಮೇಲೆ ಅರ್ಧ ತಾಸು ಇರಲಿ ಎನ್ನುವುದು ದೊಡ್ಡ ಬೇಡಿಕೆಯಲ್ಲ. ನಾನು ಕಂಡ ಸಂಗೀತ ಪರೀಕ್ಷೆಯ ಪುಸ್ತಕಗಳಲ್ಲಿ ತಬಲೆಯ ಅಂಗಗಳ ಚಿತ್ರವಿದೆ, ಒಂದೊಂದಕ್ಕೂ ಹೆಸರಿದೆ. ಬಾರಿಸುವವನ ಅಂಗಗಳ ಚಿತ್ರ ಎಲ್ಲಿಯೂ ಇಲ್ಲ.

ಗುರುಗಳಾದವರಿಗೆ ವಿನಯದಿಂದಲೇ ಹೇಳುತ್ತೇನೆ. ಶಿಷ್ಯನು ನೋವೆಂದಾಗ ‘ಇನ್ನೂ ಕೈ ಕೂತಿಲ್ಲ’ ಎನ್ನುವುದು ಉತ್ತರವಲ್ಲ. ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು ಬಾ ಎಂದರೆ ಘರಾಣೆಯ ಮಾನ ಹೋಗುವುದಿಲ್ಲ. ಮದುವೆ ಮಾಡುವ ಮನೆಯವರಿಗೂ ಇದೇ ಮಾತು: ಹಲಗಿಯವನಿಗೆ ತಾಸಿಗೊಮ್ಮೆ ಕೂರಲು ಜಾಗ, ಕುಡಿಯಲು ನೀರು, ಹಗ್ಗದ ಬದಲಿಗೆ ಅಗಲವಾದ ಪಟ್ಟಿ. ಈ ಪಟ್ಟಿಯ ಬೆಲೆ ಮದುಮಗನ ಹಾರಕ್ಕಿಂತ ಕಡಿಮೆ. ಪಟ್ಟಣದ ಸಂಘಟಕರು ಪಕ್ಕವಾದ್ಯದವರನ್ನು ರಾತ್ರಿ ಬಸ್ಸಿನಲ್ಲಿ ಕೂರಿಸಿ ತಂದು, ಇಳಿದ ತಾಸಿಗೇ ವೇದಿಕೆಗೆ ಹತ್ತಿಸಿ, ಮರುರಾತ್ರಿಯ ಬಸ್ಸಿಗೆ ಮತ್ತೆ ಹತ್ತಿಸುವುದನ್ನು ನಿಲ್ಲಿಸಲಿ. ಮುಖ್ಯ ಗಾಯಕರಿಗೆ ಹೋಟೆಲಿನ ಕೋಣೆ, ತಬಲೆಯವನಿಗೆ ಸಭಾಭವನದ ಹಿಂದಿನ ಬೆಂಚು ಎಂಬ ಪದ್ಧತಿಯನ್ನು ನಾನು ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಆ ಬೆಂಚಿನ ಮೇಲೆ ಮಲಗಿ ಎದ್ದವನ ಕೈಯಿಂದ ನೀವು ರೇಲಾ ಕೇಳಬಯಸುತ್ತೀರಿ.

ಈ ವರ್ಷದ ಸಪ್ತಾಹಕ್ಕೆ ಮುಂಚೆ ನಮ್ಮ ಕಡೆಯ ಒಂದು ಊರಿನ ಪಂಚರ ಮುಂದೆ ನಾನು ಎರಡು ಬೇಡಿಕೆ ಇಟ್ಟೆ. ಪೇಟಿಯವನಿಗೂ ಪ್ರವಚನಕ್ಕೆ ಕೂತು ಬಾರಿಸುವವನಿಗೂ ಗೇಣುದ್ದದ ಮಣೆ. ರಾತ್ರಿಯ ಕೀರ್ತನೆಗೆ ಇನ್ನೊಬ್ಬ ಪಖವಾಜಿನವನು. ಹಿರಿಯರೊಬ್ಬರಿಗೆ ಮಣೆಯ ಮಾತು ಸೇರಲಿಲ್ಲ. “ಮಣಿ ಮ್ಯಾಲ ಕುಂತು ಭಜನಿ ಮಾಡಿದ್ರ ವಿಠ್ಠಲ ಕೇಳ್ತಾನೇನ್ರಿ ಮಾಸ್ತರ?” ಎಂದರು. “ಕಾಕಾ, ಅವಾ ಸೊಂಟದ ಮ್ಯಾಲ ಕೈ ಇಟ್ಕೊಂಡು ಇಪ್ಪತ್ತೆಂಟು ಯುಗದಿಂದ ನಿಂತಾನ. ಸೊಂಟದ ಸುದ್ದಿ ಅವಗ ಗೊತ್ತಿಲ್ದ ಮತ್ಯಾರಿಗಿ ಗೊತ್ತಿರತದ?” ಎಂದೆ. ಎಲ್ಲರೂ ನಕ್ಕರು, ಕಾಕಾನೂ ನಕ್ಕರು. ಮಣೆ ಮಂಜೂರಾಯಿತು, ಊರ ಬಡಿಗೇರನು ಎರಡೇ ದಿನದಲ್ಲಿ ಮಾಡಿಕೊಟ್ಟ. ಎರಡನೆಯ ಪಖವಾಜಿನವನಿಗೆ ಮಾತ್ರ ಲೆಕ್ಕದಲ್ಲಿ ದುಡ್ಡು ಉಳಿಯಲಿಲ್ಲವೆಂದರು. ಮಂಟಪದ ದೀಪದ ಸರಗಳಿಗೂ ಎಂಟು ಧ್ವನಿವರ್ಧಕಗಳಿಗೂ ಮುಂಗಡ ಕೊಟ್ಟಾಗಿತ್ತು.